ಇಪ್ಪತ್ತಾರು ಬಾಗಿನ

ಸರಳಾ ಒಳ್ಳೆಯವಳು ಎಂದು ನಾನು ಹೇಳುವುದಿಲ್ಲ. ಒಳ್ಳೆಯವಳಾಗಿದ್ದರೆ ಅಣ್ಣನನ್ನು ಕ್ಷಮಿಸಿ, ವಿಮಾನ ಹತ್ತಿ, ಮಗಳ ಮನೆಯಲ್ಲಿ ಮೊಮ್ಮಗುವಿಗೆ ಎಣ್ಣೆ ಹಚ್ಚುತ್ತಾ ಕೂತಿರುತ್ತಿದ್ದಳು. ಜನ ಹಾಗೇ ಮಾಡು ಎಂದರು. ಅವಳ ಗಂಡ ಮುನಿಕೃಷ್ಣಪ್ಪನೂ ಹಾಗೇ ಹೇಳಿದ. ಹೇಳದೆ ಇದ್ದವಳು ನಾನೊಬ್ಬಳೇ. ನನಗೂ ಸ್ವಲ್ಪ ಕೆಟ್ಟ ಬುದ್ಧಿ ಇದೆ.

ನಾನು ರತ್ನ. ಯಲಹಂಕ ಹಳೇ ಪೇಟೆಯಲ್ಲಿ ರವಿಕೆ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದೇನೆ; ನನಗಿಂತ ದೊಡ್ಡವರೂ ರತ್ನಕ್ಕ ಎಂದೇ ಕರೆಯುತ್ತಾರೆ. ಅದಕ್ಕೆ ಮುಂಚೆ ಯಶವಂತಪುರದ ಒಂದು ಗಾರ್ಮೆಂಟ್ಸಿನಲ್ಲಿ ಹನ್ನೊಂದು ವರ್ಷ ಶರ್ಟಿಗೆ ಕಾಲರ್ ಹೊಲಿದೆ. ಅದೇ ಲೈನಿನ ಕೊನೆಯಲ್ಲಿ, ಟ್ಯೂಬ್‌ಲೈಟಿನ ಕೆಳಗೆ ನಿಂತಿರುತ್ತಿದ್ದವಳು ಸರಳಾ. ಅವಳು ಚೆಕ್ಕರ್. ನಾವು ಹೊಲಿದ ಶರ್ಟನ್ನು ತಿರುವಿ ಮುರುವಿ ನೋಡಿ, ಹೊಲಿಗೆ ತಪ್ಪಿದ ಕಡೆ ಬಾಣದ ಆಕಾರದ ಪುಟ್ಟ ಕೆಂಪು ಸ್ಟಿಕ್ಕರ್ ಅಂಟಿಸಿ ವಾಪಸ್ ಎಸೆಯುವುದು ಅವಳ ಕೆಲಸ. ಒಂದು ದಿನ ನನ್ನ ಹದಿನೇಳು ಕಾಲರಿಗೆ ಬಾಣ ಹಾಕಿದಳು. ಊಟದ ಹೊತ್ತಿಗೆ ಅವಳ ಪಕ್ಕದಲ್ಲೇ ಕೂತು ಬಾಯಿಗೆ ಬಂದಂತೆ ಬೈದೆ. ಅವಳು ಮುದ್ದೆಯ ತುತ್ತು ನುಂಗಿ, "ಬೈಕೋ ಅಕ್ಕ. ಆದ್ರೆ ಅದು ಹದಿನೆಂಟಿತ್ತು, ಒಂದನ್ನ ನಾನೇ ಬಿಟ್ಟಿದ್ದೀನಿ" ಎಂದಳು. ಆವತ್ತಿನಿಂದ ಗೆಳತಿಯರಾದೆವು.

ಅವಳ ತವರು ಚಿಕ್ಕಬಾಣಾವರದ ಕಡೆ. ಅಪ್ಪ ಬ್ಯಾಟರಾಯಪ್ಪ, ಅಮ್ಮ ಮುನಿಗಂಗಮ್ಮ, ಒಬ್ಬನೇ ಅಣ್ಣ ಮುನೀಂದ್ರ. ಹೊಲವಿದ್ದ ಜಾಗ ಬಡಾವಣೆಗೆ ಹೋಗಿ, ಅದರ ಬದಲಿಗೆ ಸೈಟುಗಳು ಬಂದ ಕುಟುಂಬ. ಸರಳಾ ಹುಟ್ಟಿದ್ದು ಮನೆಯಲ್ಲೇ, ಸೂಲಗಿತ್ತಿಯ ಕೈಯಲ್ಲಿ. ಆ ಕಾಲದಲ್ಲಿ ಯಾರೂ ಹೋಗಿ ಜನನ ಬರೆಸುತ್ತಿರಲಿಲ್ಲ. ಮದುವೆಯಾಗಿ ಯಲಹಂಕಕ್ಕೆ ಬಂದ ವರ್ಷದಿಂದ ಗೌರಿ ಹಬ್ಬಕ್ಕೆ ತವರಿನ ಬಾಗಿನ ಒಂದು ಸಲವೂ ತಪ್ಪಿರಲಿಲ್ಲ. ಎರಡು ಮೊರ ಮುಚ್ಚಿ, ಒಳಗೆ ಅಕ್ಕಿ, ಬೇಳೆ, ಬೆಲ್ಲ, ಬಳೆ, ಬಿಚ್ಚೋಲೆ, ಕನ್ನಡಿ ಇಟ್ಟು, ಅರಿಶಿನದ ದಾರ ಸುತ್ತಿ ಮುನೀಂದ್ರನೇ ಸ್ಕೂಟರಿನಲ್ಲಿ ತರುತ್ತಿದ್ದ. ಕೊರೊನಾ ವರ್ಷ ಕೂಡ ಮಾಸ್ಕ್ ಹಾಕಿಕೊಂಡು ಬಂದು ಗೇಟಿನ ಮೇಲಿಂದ ಕೊಟ್ಟುಹೋದ. ಮೊರದೊಳಗಿನ ರವಿಕೆ ಬಟ್ಟೆ ಪ್ರತಿ ವರ್ಷವೂ ಗಿಳಿ ಹಸಿರು. ಅದು ಸರಳಾ ಚಿಕ್ಕಂದಿನಿಂದ ಇಷ್ಟಪಟ್ಟ ಬಣ್ಣ.

ಅಂಗಡಿ ತೆರೆದ ಮೇಲೆ ಅವನ್ನೆಲ್ಲ ಹೊಲಿದವಳು ನಾನು. ನನ್ನದೊಂದು ಪದ್ಧತಿಯಿದೆ. ಅಳತೆ ಪುಸ್ತಕದಲ್ಲಿ ಹೆಸರು, ತಾರೀಕು ಬರೆದು, ಬಟ್ಟೆಯ ಒಂದು ಚೂರು ಕತ್ತರಿಸಿ ಅಲ್ಲೇ ಪಿನ್ ಹೊಡೆಯುತ್ತೇನೆ, ಯಾರ ಬಟ್ಟೆ ಯಾವುದೆಂದು ತಿಳಿಯಲಿ ಎಂದು. ಸರಳಾಳ ಪುಟದಲ್ಲಿ "ತವರಿನ ಪೀಸು, ಅಣ್ಣ ಕೊಟ್ಟಿದ್ದು" ಎಂದು ಬರೆದಿರುತ್ತಿದ್ದೆ. ಅದು ಮುಂದೊಂದು ದಿನ ನ್ಯಾಯಾಧೀಶರ ಮೇಜಿನ ಮೇಲೆ ಬಿಚ್ಚಿಕೊಳ್ಳುತ್ತದೆಂದು ಗೊತ್ತಿದ್ದರೆ ಅಕ್ಷರ ಇನ್ನಷ್ಟು ದುಂಡಗೆ ಬರೆಯುತ್ತಿದ್ದೆ.

ಸರಳಾಳ ಮಗಳು ವನಿತಾ ಮೆಲ್ಬರ್ನಿನಲ್ಲಿ ನರ್ಸ್. ಅವಳಿಗೆ ಮಗುವಾಯಿತು. ಅಪ್ಪ ಅಮ್ಮ ಇಬ್ಬರನ್ನೂ ಐದು ವರ್ಷ ಇಟ್ಟುಕೊಳ್ಳುವಂಥ ವೀಸಾಕ್ಕೆ ಹಾಕಿದಳು. ಅರ್ಜಿಯಲ್ಲಿ ಒಡಹುಟ್ಟಿದವರ ವಿವರ ಬರೆಯುವ ಜಾಗವಿತ್ತು. ಸರಳಾ ಮುನೀಂದ್ರನ ಹೆಸರು, ಹುಟ್ಟಿದ ವರ್ಷ, ವಿಳಾಸ ಎಲ್ಲ ಬರೆದಳು. ಜೊತೆಗೊಂದು ವಂಶವೃಕ್ಷದ ಪತ್ರ ಇದ್ದರೆ ಒಳ್ಳೆಯದೆಂದು ಮಗಳು ಹೇಳಿದ್ದಕ್ಕೆ ನಾನೂ ಅವಳೂ ನಾಡಕಚೇರಿಗೆ ಹೋದೆವು. ಅಲ್ಲಿದ್ದ ಗುಮಾಸ್ತ ಕಂಪ್ಯೂಟರ್ ನೋಡಿ, "ಬ್ಯಾಟರಾಯಪ್ಪ ಅನ್ನೋರ ವಂಶವೃಕ್ಷ ಆಗ್ಲೇ ಆಗಿದೆಯಲ್ಲಮ್ಮ, ಏಳು ವರ್ಷ ಆಯ್ತು" ಎಂದು ಒಂದು ಹಾಳೆ ತೆಗೆದುಕೊಟ್ಟ.

ಮೇಲೆ ಬ್ಯಾಟರಾಯಪ್ಪ, ಮರಣ. ಪಕ್ಕದಲ್ಲಿ ಹೆಂಡತಿ ಮುನಿಗಂಗಮ್ಮ. ಕೆಳಗೊಂದು ಗೆರೆ, ಗೆರೆಯ ತುದಿಯಲ್ಲಿ ಮಗ ಮುನೀಂದ್ರ. ಅಷ್ಟೇ. ಬೇರೆ ಮಕ್ಕಳಿಲ್ಲ ಎಂದು ಅವನು ಪ್ರಮಾಣ ಮಾಡಿದ್ದ. ಹೌದು ಎಂದು ಐದು ಜನ ಅಕ್ಕಪಕ್ಕದವರು ಸಹಿ ಹಾಕಿದ್ದರು. ಅದರಲ್ಲಿ ಇಬ್ಬರು ಇವಳ ಮದುವೆಯಲ್ಲಿ ಚಪ್ಪರ ಹಾಕಿದವರು.

ಸರಳಾ ಅಳಲಿಲ್ಲ. ಆ ಹಾಳೆಯನ್ನು ಬೆಳಕಿಗೆ ಹಿಡಿದು, ಶರ್ಟು ನೋಡುವ ಹಾಗೆಯೇ ಹಿಂದೆ ಮುಂದೆ ನೋಡಿದಳು. "ಅಪ್ಪ ಸತ್ತ ಮುಂದಿನ ವರ್ಷ ಮಾಡ್ಸಿದ್ದಾನೆ. ಆಮೇಲೆ ಏಳು ಬಾಗಿನ ತಂದಿದ್ದಾನೆ ಕಣಕ್ಕ. ಏಳು!" ಎಂದಳು.

ಹತ್ತಿರದ ನೋಟರಿಯ ಕೈಯಲ್ಲಿ ಒಂದು ನೋಟಿಸ್ ಕಳಿಸಿದಳು. ತಪ್ಪಾಯಿತು, ಸರಿ ಮಾಡಿಸುತ್ತೇನೆ ಎಂದು ಅವನು ಬರೆದಿದ್ದರೆ ಈ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಉತ್ತರ ಬಂತು. "ಸದರಿ ಸರಳಾ ಎಂಬುವರು ನಮ್ಮ ತಂದೆಯವರು ದಯೆಯಿಂದ ಸಾಕಿದ ಹೆಣ್ಣುಮಗಳೇ ವಿನಾ ಅವರ ಮಗಳಲ್ಲ." ಶಾಲೆಯ ದಾಖಲೆಯಲ್ಲಿ ಅಪ್ಪನ ಹೆಸರಿರುವುದೂ ಅದೇ ದಯೆಯಿಂದಲಂತೆ. ಕಳ್ಳನಿಗೊಂದು ಪಿಳ್ಳೆ ನೆವ.

ಆ ಕಾಗದ ಓದಿದ ಮೇಲೆ ಸರಳಾಳ ಮುಖ ಒಂದು ಥರ ಶಾಂತವಾಗಿಬಿಟ್ಟಿತು. ನನಗೆ ಹೆದರಿಕೆಯಾಯಿತು. "ಸೈಟು ಅವನೇ ಇಟ್ಕೊಳ್ಲಿ. ನಂಗೆ ಒಂದಡಿ ಜಾಗ ಬೇಡ" ಎಂದಳು. "ಅವನು ಕಟಕಟೇಲಿ ನಿಂತ್ಕೊಂಡು, ಎಲ್ರೆದುರಿಗೆ, ಅವನ ಬಾಯಲ್ಲೇ ನನ್ನ ತಂಗಿ ಅನ್ಬೇಕು. ನಾಚ್ಕೆಯಿಂದ ಸಾಯ್ಬೇಕು. ಅದನ್ನ ನೋಡೋವರ್ಗೂ ನಂಗೆ ಅನ್ನ ಇಳಿಯಲ್ಲ."

"ಇನ್ನು ಮೂರು ತಿಂಗಳಿಗೆ ಹೊರಡೋಳು ನೀನು. ಹೋಗ್ಲಿ ಬಿಡೇ" ಎಂದ ಮುನಿಕೃಷ್ಣಪ್ಪ. ಅವನು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತನಾದವನು, ಜಗಳವಾಡಿದ್ದೇ ಇಲ್ಲ.

"ನಿಮ್ಮನ್ನ ಸಾಕಿದೋನು ಅಂತ ಯಾರಾದ್ರೂ ಬರೆದುಕೊಟ್ರೆ ಬಿಡ್ತಿದ್ರಾ?" ಎಂದಳು ಇವಳು.

ಈಗ ತೊಂದರೆ ಏನೆಂದರೆ, ವಂಶವೃಕ್ಷ ಸರಿ ಮಾಡಿಸುವ ಕೇಸು ನಡೆಯುವುದು ಇಲ್ಲಿ, ಇವಳು ಇರುವುದು ಅಲ್ಲಿ. ಊರಲ್ಲಿದ್ದರೆ ವಕೀಲರ ಮನೆ ಬಾಗಿಲಲ್ಲಿ ದಿನವೂ ಹೋಗಿ ಕೂರಬಹುದು. ಸಮುದ್ರದಾಚೆಯಿಂದ ಏನು ಮಾಡುವುದು? ಮುನೀಂದ್ರನ ಬಾಯಿ ಬೆಲ್ಲದಂಥದ್ದು. ಎದುರಾಳಿಯ ವಕೀಲನ ಮನೆಗೆ ಹಲಸಿನಹಣ್ಣು ತೆಗೆದುಕೊಂಡು ಹೋಗಿ, "ಸಾರ್, ನೀವು ನಮ್ಮೋರು" ಎಂದು ಕಾಲಿಗೆ ಬಿದ್ದು ಕೆಲಸ ಮುಗಿಸಿಕೊಂಡು ಬರುತ್ತಾನೆ. ಹಿಂದೆ ಭೂಮಿ ವಿಚಾರದಲ್ಲಿ ಹಾಗೆ ಮಾಡಿ ಗೆದ್ದದ್ದನ್ನು ಅವನೇ ಬಾಗಿನ ಕೊಡಲು ಬಂದಾಗ ಮೀಸೆ ತಿರುವಿಕೊಂಡು ಹೇಳಿದ್ದ.

"ಕಾನೂನು ಎಲ್ರಿಗೂ ಗೊತ್ತಿರುತ್ತೆ ಅಕ್ಕ" ಎಂದಳು ಸರಳಾ. "ನಾನು ವಿಮಾನ ಹತ್ತಿದ್ಮೇಲೆ ನನ್ನೋರಾಗಿ ಉಳಿಯೋರು ಯಾರು, ಅದನ್ನ ನೋಡ್ಬೇಕು. ಪೀಸ್ ಪಾಸ್ ಮಾಡೋಕ್ಮುಂಚೆ ಎಳೆದು ನೋಡಲ್ವಾ? ಹಂಗೆ ಎಳೀಬೇಕು."

ಎಳೆಯುವ ಕೆಲಸ ನನ್ನ ಪಾಲಿಗೆ ಬಂತು. ಇವಳು ಒಬ್ಬ ವಕೀಲರ ಹತ್ತಿರ ಹೋಗಿ ವಿಷಯ ಹೇಳಿ ಬರುವುದು. ಎರಡು ದಿನ ಬಿಟ್ಟು ನಾನು ಮುನೀಂದ್ರನ ಕಡೆಯವಳೆಂದು ಹಲಸಿನಹಣ್ಣು ಹಿಡಿದು ಅದೇ ವಕೀಲರ ಹತ್ತಿರ ಹೋಗುವುದು. ಯಾರು ನನ್ನನ್ನು ಒಳಗೆ ಕೂರಿಸಿಕೊಳ್ಳುತ್ತಾರೋ ಅವರು ಫೇಲು. ಇದು ತಪ್ಪು ಎಂದು ನನಗೂ ಗೊತ್ತಿತ್ತು. ಹೇಳಿದೆನಲ್ಲ, ನನ್ನ ಬುದ್ಧಿಯೂ ಅಷ್ಟಕ್ಕಷ್ಟೇ.

ಮೊದಲನೆಯವರು ನಮ್ಮ ಪೇಟೆಯ ಹಿರಿಯ ವಕೀಲರು. ನಮ್ಮವರೇ, ಮುನಿಕೃಷ್ಣಪ್ಪನ ಮನೆಗೆ ಮೂರು ತಲೆಮಾರಿನ ಪರಿಚಯ. ಇಲ್ಲಿನ ಹಳೇ ಮನೆತನಗಳು ವಕೀಲರನ್ನು ಆರಿಸುವುದು ಹೆಣ್ಣು ತರುವ ಹಾಗೆ: ಯಾವ ಊರು, ಯಾರ ಮಗ, ನಮ್ಮ ಕಡೆಯವರಾ ಎಂದು ಕೇಳಿದರೆ ಮುಗಿಯಿತು. ಕೆಲಸ ಬರುತ್ತದೋ ಇಲ್ಲವೋ ಯಾರೂ ಕೇಳುವುದಿಲ್ಲ. ಸರಳಾಳ ಮಾತು ಕೇಳಿ ಅವರು ಕಣ್ಣೀರನ್ನೇ ಹಾಕಿದರಂತೆ. ಎರಡು ದಿನದ ಮೇಲೆ ನಾನು ಹೋದಾಗ ಹಣ್ಣನ್ನು ತಟ್ಟಿ ನೋಡಿ, "ಬಲಿತದೆ" ಎಂದರು. ಆಮೇಲೆ ದನಿ ತಗ್ಗಿಸಿ, "ಅಣ್ಣ ತಂಗಿ ಜಗಳ ಕೋರ್ಟಿಗ್ಯಾಕಮ್ಮ? ಮೊದ್ಲು ಆಯಮ್ಮ ವಿಮಾನ ಹತ್ಲಿ. ಆಮೇಲೆ ಬರಕ್ಕೇಳು ಮುನೀಂದ್ರನ್ನ, ಕೂತು ಮಾತಾಡಾನ" ಎಂದರು. ನಾನು ಹಣ್ಣನ್ನು ಎತ್ತಿಕೊಂಡು ಎದ್ದೆ. ಅವರ ಮುಖ ನೋಡಬೇಕಿತ್ತು.

ಎರಡನೆಯದು ಹೆಬ್ಬಾಳದಲ್ಲಿ ಗಾಜಿನ ಕಟ್ಟಡದ ಐದನೇ ಮಹಡಿ. ವಿದೇಶದಲ್ಲಿರುವವರ ಕೇಸುಗಳನ್ನೇ ನೋಡುವ ಆಫೀಸು. ವನಿತಾ ಫೋನಿನಲ್ಲಿ ಹುಡುಕಿ ಕಳಿಸಿದ್ದು. ಅಲ್ಲಿ ಸರಳಾಳಿಗೆ ಕಾಫಿ ಕೊಟ್ಟು, ಟಿವಿಯಷ್ಟು ದೊಡ್ಡ ಪರದೆಯ ಮೇಲೆ ಮೂರು ಬಗೆಯ ಪ್ಯಾಕೇಜು ತೋರಿಸಿದರು. ಪ್ರತಿ ವಾಯಿದೆಯ ಸುದ್ದಿ ವಾಟ್ಸಾಪಿಗೆ ಬರುತ್ತದಂತೆ. ಅವರು ಕೊಟ್ಟ ಕರಾರಿನ ಹಾಳೆಯಲ್ಲಿ ಸರಳಾ ಮನೆಗೆ ಬಂದು ಒಂಬತ್ತು ಕೆಂಪು ಬಾಣ ಅಂಟಿಸಿದಳು; ಬೇರೆ ಯಾವಳದೋ ಹೆಸರು ಎರಡು ಕಡೆ ಹಾಗೇ ಉಳಿದಿತ್ತು. ಆದರೂ ನಾನು ಹೋದೆ. ಟೈ ಕಟ್ಟಿದ್ದ ಹುಡುಗ ನನ್ನ ಮಾತು ಕೇಳಿ ಒಳಗೆ ಹೋಗಿ ಬಂದು, "ಮೇಡಂ, ಅವ್ರು ಇನ್ನೂ ಸೈನ್ ಮಾಡಿಲ್ಲ. ಸೋ ನಿಮ್ಮ ಕಡೆಯಿಂದಾನೇ ತಗೋಬಹುದು, ನೋ ಇಶ್ಯೂ" ಎಂದ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಆ ಹಲಸನ್ನು ಕೆಳಗಿದ್ದ ವಾಚ್‌ಮನ್‌ಗೆ ಕೊಟ್ಟುಬಂದೆ.

ಮೂರನೆಯವಳ ಹೆಸರು ಗಂಗಾದೇವಿ. ನನ್ನ ಗಿರಾಕಿ ಫಾಯಿಜಾ ಹೇಳಿದ್ದು. ಅವಳ ಗಂಡ ಬಿಟ್ಟುಹೋದಾಗ ಜೀವನಾಂಶ ಕೊಡಿಸಿದವಳಂತೆ. ಯಶವಂತಪುರದಲ್ಲಿ ಬೇಕರಿಯೊಂದರ ಮಾಳಿಗೆಯ ಮೇಲೆ ಒಂದೇ ಕೋಣೆ. ಮೆಟ್ಟಿಲು ಹತ್ತುವಾಗ ಬೆಣ್ಣೆ ಬಿಸ್ಕತ್ತಿನ ವಾಸನೆ. ಗದಗಿನ ಕಡೆಯವಳು, ನಲವತ್ತರ ಆಸುಪಾಸು, ಕರಿ ಕೋಟನ್ನು ಕಿಟಕಿಯ ಸರಳಿಗೆ ನೇತು ಹಾಕಿದ್ದಳು. ಸರಳಾ ಹೋಗಿ ಬಂದು, "ಅಳೋದೂ ಇಲ್ಲ, ನಗೋದೂ ಇಲ್ಲ ಕಣಕ್ಕ. ಬರೀ ಬರ್ಕೊಳ್ತಾಳೆ" ಎಂದಳು.

ನಾನು ಮೂರನೆಯ ಹಲಸಿನಹಣ್ಣು ಹೊತ್ತು ಮಾಳಿಗೆ ಹತ್ತಿದೆ. ಮುನೀಂದ್ರನ ಕಡೆಯವಳು, ನಾದಿನಿ ಆಗಬೇಕು, ವಿಷಯ ಮಾತಾಡಿ ಮುಗಿಸೋಣ ಎಂದೆ. ಆಕೆ ಕೂರು ಎನ್ನಲಿಲ್ಲ. ನನ್ನ ಕೈಯನ್ನೇ ನೋಡಿದಳು.

"ನಿಮ್ಮ ಬೆರಳಿಗೆ ಸೂಜಿ ಚುಚ್ಚಿ ಚುಚ್ಚಿ ಜಡ್ಡುಗಟ್ಟೇತಿ" ಎಂದಳು. "ಮೊನ್ನೆ ಬಂದ ಅಕ್ಕಾರು ನನ್ನ ಗೆಳತಿ ಟೇಲರ್ ಅದಾಳ ಅಂದಿದ್ರು. ಅದನ್ನೂ ಬರಕೊಂಡೀನಿ. ಪರೀಕ್ಷಾ ಮಾಡಾಕ ಕಳಿಸ್ಯಾರೇನ್ರಿ?"

ನಾನು ಬೆರಳುಗಳನ್ನು ಹಣ್ಣಿನ ಕೆಳಗೆ ಬಚ್ಚಿಟ್ಟುಕೊಂಡೆ.

"ಮಾಡ್ರಿ, ತಪ್ಪೇನಿಲ್ಲ. ದೇಶ ಬಿಟ್ಟು ಹೋಗಾಕಿ, ನೋಡೇ ಹೋಗಬೇಕು. ಆದ್ರ ಒಂದ್ ಹೇಳ್ತೀನಿ ಕೇಳ್ರಿ. ನೀವು ಖರೇನ ಆ ಮನಿಷ್ಯಾನ ಕಡೆಯಿಂದ ಬಂದಿದ್ರ ಈ ಹಣ್ಣು ಮಾಳಗಿಯಿಂದ ಕೆಳಗ ಬೀಳ್ತಿತ್ತು. ನಿಮ್ಮನ್ನ ಮಾತ್ರ ಪಾವಟಿಗಿ ಮ್ಯಾಲಿಂದ ಇಳಿಯಾಕ ಬಿಡ್ತಿದ್ದೆ."

ನಾನು ಕೆಳಗಿಳಿದು, ಬೇಕರಿಯ ಮುಂದೆ ನಿಂತು ಸರಳಾಳಿಗೆ ಫೋನ್ ಮಾಡಿದೆ. "ಇದು ಪಾಸು ಕಣೇ" ಎಂದೆ.

ಮಾರನೆಯ ದಿನ ನಾವಿಬ್ಬರೂ ಹೋಗಿ ಆಕೆಯ ಮುಂದೆ ಕೂತೆವು. ಉಳಿದ ಇಬ್ಬರು ವಕೀಲರು ಕಾಗದ ಏನಿದೆ, ಕಾಗದ ಏನಿದೆ ಎಂದು ಕೇಳಿದ್ದರು. ಗಂಗಾದೇವಿ ಕೇಳಿದ್ದು ಬೇರೆ. "ನಮ್ಮ ಕಡೆ ಪಂಚಮಿಗೆ ಅಣ್ಣ ಬಂದು ತಂಗೀನ ತವರಿಗೆ ಕರಕೊಂಡ್ ಹೋಗ್ತಾನ. ನಿಮ್ಮ ಕಡೆ ಏನ್ ಮಾಡ್ತಾರ?"

ಸರಳಾ ಬಾಗಿನದ ವಿಷಯ ಹೇಳಿದಳು. ಆಕೆಯ ಪೆನ್ನು ನಿಂತಿತು. "ವಂಶವೃಕ್ಷ ಮಾಡಿಸಿದ ಮ್ಯಾಲೂ ತಂದಾನೇನ್ರಿ?"

"ಏಳು ವರ್ಷ ತಂದಿದ್ದಾನೆ ಮೇಡಂ. ನಿಲ್ಸಕ್ಕೆ ಅವನಿಗೆ ಭಯ. ನಮ್ಮಮ್ಮ ಸಾಯೋವಾಗ ಕೈ ಹಿಡ್ಕೊಂಡು ಹೇಳಿ ಹೋಗಿದ್ಲು. ಹೆಣ್ಣುಮಗಳಿಗೆ ಬಾಗಿನ ನಿಲ್ಲಿಸಿದ ಮನೇಲಿ ದೀಪ ಉರಿಯಲ್ಲ ಅಂತ. ಬಾಗಿನದ ಮೊರ ಕೈಲಿ ಹಿಡ್ಕೊಂಡು ಸುಳ್ಳು ಹೇಳಿದೋರ ವಂಶ ನಿಲ್ಲಲ್ಲ ಅಂತಾನೂ ನಮ್ಮ ಕಡೆ ಒಂದ್ಮಾತಿದೆ."

ತಹಶೀಲ್ದಾರರಿಗೆ ಸುಳ್ಳು ಹೇಳಬಹುದು, ಗೌರಿಗೆ ಹೇಳಬಾರದು ಎಂಬುದು ಆ ಮನುಷ್ಯನ ಲೆಕ್ಕ. ಇಂಥ ಮೂರ್ಖತನ ನಮ್ಮ ಜನ ಮಾತ್ರ ಮಾಡಬಲ್ಲರು. ಗಂಗಾದೇವಿ ಮೊದಲ ಸಲ ನಕ್ಕಳು. ನಕ್ಕಾಗ ಆಕೆ ಸ್ವಲ್ಪ ಭಯಂಕರವಾಗಿ ಕಾಣುತ್ತಾಳೆ.

"ಈ ವರ್ಷನೂ ತರ್ತಾನ. ತಂದ್ರ ಇಸಗೊಳ್ರಿ. ಅಂವ ಕಟ್ಟಿದ ಗಂಟು ಬಿಚ್ಚಬ್ಯಾಡ್ರಿ, ಹಂಗ ನನ್ನ ಕೈಗೆ ಕೊಡ್ರಿ. ತರಲಿಲ್ಲ ಅಂದ್ರ, ಇಷ್ಟ್ ವರ್ಷ ತಂದಾಂವ ಈಗ್ಯಾಕ ನಿಲ್ಲಿಸಿದಿ ಅಂತ ಕೇಳ್ತೀನಿ. ಎರಡೂ ಕಡೆ ಸಿಗತಾನ."

ಸರಳಾ ಅಲ್ಲೇ ವಕಾಲತ್ತಿಗೆ ಸಹಿ ಹಾಕಿದಳು.

ಗೌರಿ ಹಬ್ಬ ಬಂತು. ಇವರು ಹೊರಡುವುದಕ್ಕೆ ಇನ್ನು ಎಂಟು ದಿನ. ಮನೆ ತುಂಬ ಸೂಟ್‌ಕೇಸು. ನಾನು ಬೆಳಿಗ್ಗೆಯೇ ಹೋಗಿ ನಡುಮನೆಯಲ್ಲಿ ಕೂತೆ, ಸಾಕ್ಷಿಗೆ. ಹತ್ತು ಗಂಟೆಯಾಯಿತು, ಹನ್ನೊಂದಾಯಿತು. ಸರಳಾ ಗೌರಿಗೆ ಹೂವು ಏರಿಸುತ್ತಿದ್ದಳು, ಕಣ್ಣು ಮಾತ್ರ ಗೇಟಿನ ಮೇಲೆ. ಅವನು ಬರಲಿ ಎಂದು ಅವಳು ಕಾಯುತ್ತಿದ್ದುದು ಕೇಸಿಗಾಗಿಯೇ ಎಂದು ನಾನು ಅಂದುಕೊಂಡಿದ್ದೆ. ಈಗಲೂ ನನಗೆ ಪೂರ್ತಿ ಗೊತ್ತಿಲ್ಲ.

ಹನ್ನೊಂದೂವರೆಗೆ ಸ್ಕೂಟರ್ ಸದ್ದಾಯಿತು. ಮುನೀಂದ್ರ ತಲೆ ತಗ್ಗಿಸಿಕೊಂಡು ಒಳಗೆ ಬಂದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಎರಡೂ ಕೈಯಲ್ಲಿ ಮೊರ ಹಿಡಿದು ನಿಂತ. ನಮ್ಮ ಕಡೆ ಕೊಡುವಾಗ ಒಂದು ಮಾತು ಹೇಳಲೇಬೇಕು. ಅವನು ನನ್ನ ಕಡೆ ಒಮ್ಮೆ ನೋಡಿ, ಗಂಟಲೊಳಗೇ, "ತವರಿನ ಬಾಗಿನ ತಗಾ ತಂಗಿ" ಎಂದ. ಸರಳಾ ಸೆರಗೊಡ್ಡಿ ತೆಗೆದುಕೊಂಡಳು. ಕಾಲಿಗೆ ನಮಸ್ಕಾರ ಮಾಡಲಿಲ್ಲ.

"ಇಂಗೆ ಬಂದಿದ್ದೆ ಅಂತ ನಿನ್ ಲಾಯರ್‌ಗೆ ಯೋಳ್ಬ್ಯಾಡ" ಎಂದ ಅವನು. "ಕಾಗದದ ಮಾತೇ ಬ್ಯಾರೆ, ಮನೆ ಮಾತೇ ಬ್ಯಾರೆ. ಸೈಟು ವಿಚಾರಕ್ಕೆ ಅಂಗೆ ಬರೆಸ್ಬೇಕಾಯ್ತು. ಮನಸ್ನಾಗೆ ಏನೂ ಇಲ್ಲ."

"ಕೇಳಿದ್ರೆ ಸೈಟು ನಾನೇ ಬಿಟ್ಟುಕೊಡ್ತಿದ್ದೆ ಅಣ್ಣ. ಕೇಳ್ಲಿಲ್ಲ ನೀನು. ನನ್ನನ್ನೇ ಅಳಿಸಿಬಿಟ್ಟೆ."

ಬಾಗಿನ ಕೊಟ್ಟವರಿಗೆ ಎಲೆ ಅಡಿಕೆ ಕೊಡುವುದು ಪದ್ಧತಿ. ಸರಳಾ ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು ಇಟ್ಟು ತಂದಳು. ಎಲೆಯ ಕೆಳಗೊಂದು ಮಡಿಸಿದ ಹಾಳೆ. ಅವನು ಬಿಚ್ಚಿ ನೋಡಿದ. ಅದೇ ವಂಶವೃಕ್ಷದ ಜೆರಾಕ್ಸು. ಅವನ ಹೆಸರಿನ ಪಕ್ಕ ಖಾಲಿ ಬಿಟ್ಟಿದ್ದ ಜಾಗಕ್ಕೆ ಒಂದು ಕೆಂಪು ಬಾಣ ಅಂಟಿಸಿತ್ತು.

"ಇಲ್ಲೊಂದು ತಪ್ಪಾಗಿದೆ. ಇಪ್ಪತ್ತೈದು ವರ್ಷ ಬೇರೆಯವರ ಕೈಕೆಲಸಕ್ಕೆ ಇದನ್ನ ಅಂಟಿಸಿದ್ದೀನಿ. ಮನೆಯವರ ಕೆಲಸಕ್ಕೆ ಇದೇ ಮೊದಲ್ನೇದು. ಇನ್ನು ಕೋರ್ಟಲ್ಲಿ ಸರಿ ಮಾಡ್ಸೋಣ, ಹೋಗಿ ಬಾ" ಎಂದಳು ಸರಳಾ.

ಅವನು ಬಾಳೆಹಣ್ಣನ್ನೂ ತೆಗೆದುಕೊಳ್ಳದೆ ಹೋದ. ಹಾಳೆಯನ್ನು ಮಾತ್ರ ಜೇಬಿಗೆ ಹಾಕಿಕೊಂಡ. ನನಗೆ ಹೊಟ್ಟೆಗೆ ತಣ್ಣೀರು ಸುರಿದಷ್ಟು ಸುಖವಾಯಿತು, ಸುಳ್ಳೇಕೆ ಹೇಳಲಿ.

ಸರಳಾ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಗಂಟು ಬಿಚ್ಚಲಿಲ್ಲ. ಎರಡು ಮೊರದ ಸಂದಿನಿಂದ ರವಿಕೆ ಬಟ್ಟೆಯ ಒಂದು ಮೂಲೆ ಹೊರಗೆ ಇಣುಕುತ್ತಿತ್ತು. ಗಿಳಿ ಹಸಿರು. ಅವಳು ಅದನ್ನು ಹೆಬ್ಬೆರಳಲ್ಲಿ ಉಜ್ಜಿದಳು.

"ಬಣ್ಣ ಮರೆತಿಲ್ಲ ನೋಡಕ್ಕ ಬಡ್ಡೀಮಗ. ಹೆಸರು ಬರೆಯೋದು ಮಾತ್ರ ಮರೆತ" ಎಂದಳು. ಆಗ ಒಂದು ಸಲ ಕಣ್ಣು ಒರೆಸಿಕೊಂಡಳು. ನಾಡಕಚೇರಿಯಿಂದ ಹಿಡಿದು ಆವತ್ತಿನವರೆಗೆ ಅದೊಂದೇ ಸಲ.

ಎಂಟನೆಯ ದಿನ ಗಂಡ ಹೆಂಡತಿ ಹೊರಟರು. ಮೊರ ಗಂಗಾದೇವಿಯ ಕಪಾಟು ಸೇರಿತು. ಅಕ್ಕಿ ಬೇಳೆಗೆ ಹುಳು ಬೀಳದಿರಲೆಂದು ಆಕೆ ಕಟ್ಟಿನ ಸುತ್ತ ಬೇವಿನ ಎಲೆ ಇಟ್ಟಿದ್ದಳು. ಕೇಸು ಮೂರು ವರ್ಷ ತೆಗೆದುಕೊಂಡಿತು. ಮುನೀಂದ್ರ ನಾವು ಎಣಿಸಿದ್ದ ಹಾಗೇ ಹಲಸಿನಹಣ್ಣಿನ ಸಮೇತ ಗಂಗಾದೇವಿಯ ಮಾಳಿಗೆ ಹತ್ತಿದನಂತೆ. ಹಣ್ಣು ಕೆಳಗೆ ಬಿತ್ತಂತೆ. ಬೇಕರಿಯವರು ಎರಡು ದಿನ ಆ ಜಾಗ ತೊಳೆದರು. ಆ ಮೂರು ವರ್ಷ ಮೆಲ್ಬರ್ನಿಗೆ ಬಾಗಿನ ಹೋಗಲಿಲ್ಲ. ಸರಳಾ ತನ್ನ ಸಾಕ್ಷಿಯನ್ನು ವಿಡಿಯೋ ಮೂಲಕ ಹೇಳಿದಳು. ನಾನು ಕಟಕಟೆಯಲ್ಲಿ ನಿಂತು ಅಳತೆ ಪುಸ್ತಕ ತೋರಿಸಿದೆ: ಹದಿಮೂರು ವರ್ಷ, ಹದಿಮೂರು ಹಸಿರು ಚೂರು.

ಕಳೆದ ಆಷಾಢದಲ್ಲಿ ಮುನೀಂದ್ರನ ಸರದಿ ಬಂತು. ನಾನು ಅಂಗಡಿಗೆ ಬೀಗ ಹಾಕಿ ಹೋಗಿ ಮುಂದಿನ ಬೆಂಚಿನಲ್ಲೇ ಕೂತೆ.

"ಈ ಹೆಣ್ಣುಮಗಳಿಗೆ ವರ್ಷಾ ವರ್ಷ ಗೌರಿ ಬಾಗಿನ ಕೊಟ್ಟೀರಿ. ಹೌದೋ ಅಲ್ಲೋ?" ಗಂಗಾದೇವಿ ಕೇಳಿದಳು.

"ಕೊಟ್ಟಿದ್ದೀನಿ. ಸಾಕಿದ ಹುಡುಗಿ ಅಂತ, ದಯೆಯಿಂದ."

"ನಿಮ್ಮಪ್ಪಾರು ಇನ್ನೂ ಎಷ್ಟ್ ಹುಡುಗ್ಯಾರನ್ನ ಸಾಕಿದ್ರು?"

"ಯಾರನ್ನೂ ಇಲ್ಲ."

ಆಕೆ ಕಪಾಟಿನ ಮೊರವನ್ನು ತರಿಸಿದಳು. ಮೂರು ವರ್ಷ ಹಳೆಯದು, ದಾರ ಹಾಗೇ ಇತ್ತು. ನ್ಯಾಯಾಧೀಶರ ಅನುಮತಿ ಪಡೆದು ಅವನ ಕೈಗೆ ಕೊಟ್ಟಳು. "ಈ ಗಂಟು ನೀವು ಕಟ್ಟಿದ್ದಾ?" ಹೌದು ಎಂದ. "ಸರಿಯಾಗಿ ಎರಡೂ ಕೈಯಾಗ ಹಿಡೀರಿ. ಈಗ ಹೇಳ್ರಿ, ಈ ಬಾಗಿನ ಯಾರಿಗೆ ತಂದಿದ್ರಿ?"

ಅವನ ಕಡೆಯ ವಕೀಲ ಎದ್ದು ಏನೋ ಅಂದ. ನ್ಯಾಯಾಧೀಶರು ಪ್ರಶ್ನೆ ಸರಿಯಾಗಿದೆ, ಉತ್ತರ ಹೇಳಲಿ ಎಂದರು. ಮುನೀಂದ್ರ ಮೊರವನ್ನೇ ನೋಡುತ್ತಾ ನಿಂತ. ಅದನ್ನು ಕೆಳಗಿಡಲು ಅತ್ತಿತ್ತ ಜಾಗ ನೋಡಿದ, ಕಟಕಟೆಯಲ್ಲಿ ಜಾಗವಿರಲಿಲ್ಲ. ಸಂದಿನಲ್ಲಿ ಆ ಹಸಿರ ಮೂಲೆ ಇನ್ನೂ ಇಣುಕುತ್ತಿತ್ತು. ಮೊರ ಅಲುಗಿ ಒಳಗಿನ ಬಳೆಗಳು ಸದ್ದು ಮಾಡಿದವು. ಅವನಿಗೆ ಇಬ್ಬರು ಮೊಮ್ಮಕ್ಕಳಿದ್ದಾರೆ, ಅವರ ನೆನಪಾಗಿರಬೇಕು.

"ನನ್ನ ತಂಗಿಗೆ" ಎಂದ.

"ಕೇಳಿಸಲಿಲ್ಲ. ಜೋರಾಗಿ ಹೇಳಿ" ಎಂದರು ನ್ಯಾಯಾಧೀಶರು.

"ನನ್ನ ತಂಗಿಗೆ. ಒಡಹುಟ್ಟಿದ ತಂಗಿಗೆ ಸಾಮಿ."

ಟೈಪು ಮಾಡುವವಳು ಅದನ್ನು ಬಡಿದು ಇಳಿಸಿಕೊಂಡಳು. ಮಾಡಿದ್ದುಣ್ಣೋ ಮಹರಾಯ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡು ಹೊರಗೆ ಓಡಿದೆ. ಮೆಲ್ಬರ್ನಿನಲ್ಲಿ ಆಗ ಸಂಜೆ. ಒಂದೇ ರಿಂಗಿಗೆ ಎತ್ತಿದಳು. ಫೋನು ಕೈಯಲ್ಲೇ ಇಟ್ಟುಕೊಂಡು ಕೂತಿದ್ದಳು ಅಂತ ಕಾಣುತ್ತದೆ.

"ಅಂದುಬಿಟ್ಟ ಕಣೇ!" ಎಂದೆ. ಮೊರ ಹಿಡಿದದ್ದು, ಇಡಲು ಜಾಗ ಹುಡುಕಿದ್ದು, ಬಳೆ ಸದ್ದಾದದ್ದು, ಎಲ್ಲ ಹೇಳಿದೆ. ಅವಳ ಹಿಂದೆ ಮಗು ಏನನ್ನೋ ಕೇಳಿ ಹಟ ಮಾಡುತ್ತಿತ್ತು. ಇನ್ನು ಅಳುತ್ತಾಳೆ, ಇಲ್ಲವೇ ಅಣ್ಣನ ಮೇಲೆ ಕನಿಕರ ಪಡುತ್ತಾಳೆ ಎಂದು ನಾನು ಕಾದೆ.

"ಎಷ್ಟ್ ಸಲ ಅಂದ?" ಎಂದು ಕೇಳಿದಳು.

"ಎರಡು ಸಲ. ಜಡ್ಜು ಜೋರಾಗಿ ಹೇಳ್ಸಿದ್ರು."

"ಇಪ್ಪತ್ತಾರು ಬಾಗಿನ ತಂದಿದ್ದಾನೆ ರತ್ನಕ್ಕ" ಎಂದಳು ಸರಳಾ. "ಇನ್ನೂ ಇಪ್ಪತ್ನಾಲ್ಕು ಸಲ ಅನ್ನೋದಿದೆ. ಗಂಗಾದೇವಿ ಮೇಡಂ ಅಲ್ಲೇ ಇದ್ರೆ ಫೋನ್ ಕೊಡು."